ಚಳಿಗೆ ಡರ್ಟ್ ಬೈಕ್ ಹತ್ತುತ್ತಿಲ್ಲ, ಬಿಸಿಯಾದ ಮೇಲೆ ಒಂದೇ ಕಿಕ್. ಏನಿರಬಹುದು?

ಕೆಂಪುಮಣ್ಣು, ಬೆಳಗಾವಿ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 125 ಸಿಸಿ ಫೋರ್ ಸ್ಟ್ರೋಕ್ ಡರ್ಟ್ ಬೈಕ್ ಇದೆ. ಸಣ್ಣ ಗಾಡಿ, ಕಾರ್ಬುರೇಟರ್ ಇದೆ, ಸೆಲ್ಫ್ ಇಲ್ಲ, ಬರೀ ಕಿಕ್. ಹೋದ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ರಸ್ತೆಗೆ ತರುವುದಿಲ್ಲ. ಖಾನಾಪುರದ ಕಡೆ ಕಾಕಾನ ಹೊಲದಲ್ಲೇ ಇರುತ್ತದೆ. ಭಾನುವಾರ ಬೆಳಿಗ್ಗೆ ಗೇರು ಗಿಡಗಳ ನಡುವಿನ ದಿಬ್ಬದಲ್ಲಿ ಓಡಿಸುತ್ತೇನೆ, ಅಷ್ಟೇ.

ಚಳಿ ಶುರುವಾದಾಗಿನಿಂದ ಒಂದೇ ಗೋಳು. ಬೆಳಿಗ್ಗೆ ಆರೂವರೆಗೆ ಚೋಕ್ ಹಾಕಿ ಮೂವತ್ತು, ನಲವತ್ತು ಕಿಕ್ ಹೊಡೆದರೂ ಹತ್ತುವುದಿಲ್ಲ. ಕೊನೆಗೆ ದಿಬ್ಬದ ಮೇಲಿಂದ ಎರಡನೇ ಗೇರಿನಲ್ಲಿ ತಳ್ಳಿ ಕ್ಲಚ್ ಬಿಟ್ಟರೆ ಹತ್ತುತ್ತದೆ. ಹತ್ತಿದ ಮೇಲೂ ಚೋಕ್ ತೆಗೆದರೆ ಆಫ್. ಎಕ್ಸಿಲೇಟರ್ ಕೊಟ್ಟರೆ ಕಾರ್ಬುರೇಟರ್ ಕಡೆಯಿಂದ ಪಟ್ ಅಂತ ಸದ್ದು. ಹತ್ತು ನಿಮಿಷ ಓಡಿಸಿದರೆ ಎಲ್ಲ ಸರಿ. ಆಮೇಲೆ ಸಂಜೆವರೆಗೂ ಒಂದೇ ಕಿಕ್.

ಟೆಂಪೋದಲ್ಲಿ ಹಾಕಿಕೊಂಡು ಒಂದು ಗ್ಯಾರೇಜಿಗೆ ಒಯ್ದೆ. ಅವರು ಮಧ್ಯಾಹ್ನ ಎರಡು ಗಂಟೆ ಬಿಸಿಲಿನಲ್ಲಿ ಹತ್ತಿಸಿ ನೋಡಿ, ಏನೂ ಆಗಿಲ್ಲ ಒಯ್ಯಿರಿ ಅಂದರು. ಬೆಳಿಗ್ಗೆ ತೊಂದರೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಪ್ಲಗ್ ಹೊಸದು ಹಾಕಿದ್ದೇನೆ, ಏರ್ ಫಿಲ್ಟರ್ ತೊಳೆದಿದ್ದೇನೆ. ಇನ್ನೇನು ನೋಡಬೇಕು?

ಸವದತ್ತಿ ಸವಾರ
ಪ್ಲಗ್. ಬೇರೆ ಏನೂ ಅಲ್ಲ.

ಕೆಂಪುಮಣ್ಣು, ಬೆಳಗಾವಿ
ಹೊಸದು ಹಾಕಿದ್ದೇನೆ ಅಂತ ಬರೆದಿದ್ದೇನಲ್ಲ ಅಣ್ಣಾ. ಗ್ಯಾಪ್ 0.7 ಮಿ.ಮೀ. ಇದೆ. ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದು ನೋಡಿದೆ, ಕಿಡಿ ಛಲೋ ಬರುತ್ತಿದೆ.

ಗೋಕಾಕ ಅಕ್ಕ
ತಮ್ಮಾ, ಒಂದು ಪ್ರಶ್ನೆ. ಚೋಕ್ ಹಾಕಿ ಕಿಕ್ ಹೊಡೆಯುವಾಗ ಎಕ್ಸಿಲೇಟರ್ ತಿರುಗಿಸುತ್ತೀರಾ? ಹೌದಾದರೆ ಅದನ್ನು ಬಿಡಿ. ಕೆಲವು ಕಾರ್ಬುರೇಟರಿನಲ್ಲಿ ಚೋಕ್ ಅಂದರೆ ಗಾಳಿ ಮುಚ್ಚುವ ತಗಡು ಇರುವುದಿಲ್ಲ. ಹೆಚ್ಚು ಪೆಟ್ರೋಲ್ ಬರಲು ಒಂದು ಬೇರೆ ದಾರಿ ಇರುತ್ತದೆ, ಪಿನ್ ಎಳೆದರೆ ಅದು ತೆರೆಯುತ್ತದೆ. ಆ ದಾರಿಯಲ್ಲಿ ಪೆಟ್ರೋಲ್ ಬರಬೇಕಾದರೆ ಎಂಜಿನ್ ಜೋರಾಗಿ ಎಳೆಯಬೇಕು. ಎಕ್ಸಿಲೇಟರ್ ತಿರುಗಿಸಿದರೆ ಆ ಎಳೆತ ಹೋಗಿಬಿಡುತ್ತದೆ. ಕೈ ಬಿಟ್ಟು ಹೊಡೆಯಿರಿ.

ನಾನು ಮಾಡೋದು ಹೀಗೆ. ಸ್ವಿಚ್ ಆಫ್ ಇಟ್ಟು, ಚೋಕ್ ಹಾಕಿ, ನಾಲ್ಕು ಸಲ ನಿಧಾನವಾಗಿ ಕಿಕ್. ಆಮೇಲೆ ಸ್ವಿಚ್ ಆನ್ ಮಾಡಿ ಗಟ್ಟಿಯಾಗಿ ಒಂದು. ಹತ್ತು ಕಿಕ್ಕಿಗೂ ಆಗದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಚೋಕ್ ತೆಗೆದು, ಎಕ್ಸಿಲೇಟರ್ ಪೂರ್ತಿ ತಿರುಗಿಸಿ ಹತ್ತು ಸಲ ಹೊಡೆದರೆ ಒಣಗುತ್ತದೆ. ಒಣಗಿಯೇ ಇದ್ದರೆ ಪೆಟ್ರೋಲ್ ಒಳಗೆ ಹೋಗುತ್ತಿಲ್ಲ. ನಿಮ್ಮದು ಯಾವುದು?

ಕೆಂಪುಮಣ್ಣು, ಬೆಳಗಾವಿ
ಅಕ್ಕಾ, ಖರೇ ಹೇಳಬೇಕಂದ್ರೆ ನಾನು ಪ್ರತಿ ಸಲ ತಿರುಗಿಸುತ್ತಿದ್ದೆ. ಇವತ್ತು ನೀವು ಹೇಳಿದಂತೆ ಮಾಡಿದೆ. ಇಪ್ಪತ್ತು ಕಿಕ್ಕಿಗೆ ಹತ್ತಿತು, ಮೊದಲಿಗಿಂತ ಅರ್ಧ. ನಡುವೆ ಪ್ಲಗ್ ಬಿಚ್ಚಿ ನೋಡಿದಾಗ ಒಣಗಿತ್ತು. ತುದಿ ಬೆಳ್ಳಗಿದೆ.

ಕಾರ್ಬ್ ಕೆಲಸ, ನಿಪ್ಪಾಣಿ
ಪ್ಲಗ್ ಒಣಗಿದೆ, ತುದಿ ಬೆಳ್ಳಗಿದೆ, ಚೋಕ್ ತೆಗೆದರೆ ಆಫ್, ಕಾರ್ಬುರೇಟರಿನಲ್ಲಿ ಪಟ್ ಸದ್ದು. ಇಷ್ಟು ಹೇಳಿದ ಮೇಲೆ ಇನ್ನೇನು ಹುಡುಕುವುದಿದೆ? ಸ್ಲೋ ಜೆಟ್, ಅಂದರೆ ಎಂಜಿನ್ ನಿಧಾನ ಓಡುವಾಗ ಪೆಟ್ರೋಲ್ ಬರುವ ಸಣ್ಣ ತೂತಿನ ತುಂಡು, ಕಟ್ಟಿಕೊಂಡಿದೆ. ಮಳೆಗಾಲದಲ್ಲಿ ಗಾಡಿ ನಿಂತಿತ್ತಾ?

ಕೆಂಪುಮಣ್ಣು, ಬೆಳಗಾವಿ
ಹೌದು ಸರ್. ಖಾನಾಪುರದ ಮಳೆ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಶೆಡ್ಡಿನಲ್ಲೇ ಇತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು.

ಕಾರ್ಬ್ ಕೆಲಸ, ನಿಪ್ಪಾಣಿ
ಅಲ್ಲೇ ಇದೆ ರೋಗ. ಸ್ಲೋ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗೂ ಕಡಿಮೆ. ನಾಲ್ಕು ತಿಂಗಳು ಪೆಟ್ರೋಲ್ ಒಳಗೇ ಆರಿದರೆ ಅಂಟು ಕೂರುತ್ತದೆ. ಆ ತೂತು ಮುಚ್ಚಲು ಅಷ್ಟು ಸಾಕು. ಅದರ ಮೇಲೆ ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಅದು ಗಾಳಿಯ ತೇವ ಹೀರುತ್ತದೆ, ನೀರು ಕೆಳಗೆ ಇಳಿದು ಕಾರ್ಬುರೇಟರಿನ ಬಟ್ಟಲಿನ ತಳದಲ್ಲಿ ಕೂರುತ್ತದೆ. ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಇಳಿಸಿ ನೋಡಿ. ತಳದಲ್ಲಿ ಗುಳ್ಳೆಯಂತೆ ನೀರು ಕಂಡರೆ ಆಶ್ಚರ್ಯ ಬೇಡ.

ಜಮಖಂಡಿ ಕಬ್ಬು
ಎಲ್ಲದಕ್ಕೂ ಎಥೆನಾಲ್ ಮೇಲೆ ಹಾಕಬೇಡ್ರಿ. ನಾಲ್ಕು ತಿಂಗಳು ಗಾಡಿ ಬಿಟ್ಟರೆ ಮೊದಲಿನ ಪೆಟ್ರೋಲೂ ಕೆಡುತ್ತಿತ್ತು. ನಮ್ಮ ಕಡೆ ಕಬ್ಬು ಬೆಳೆದವರ ಬಿಲ್ ಸಮಯಕ್ಕೆ ಬರಲು ಈ ಎಥೆನಾಲ್ ಒಂದು ಆಸರೆ. ಬರೀ ಸಕ್ಕರೆ ಮಾರಿ ಫ್ಯಾಕ್ಟರಿಗಳು ಎಷ್ಟು ವರ್ಷ ಬಾಕಿ ಇಟ್ಟಿದ್ದವು ಅಂತ ಬೆಳಗಾವಿ, ಬಾಗಲಕೋಟೆ ರೈತರನ್ನು ಕೇಳಿ.

ಕಾರ್ಬ್ ಕೆಲಸ, ನಿಪ್ಪಾಣಿ
ಅಣ್ಣಾ, ನಾನೂ ರೈತನ ಮಗನೇ. ಎಥೆನಾಲ್ ಬೇಡ ಅನ್ನಲಿಲ್ಲ. ಹಳೇ ಕಾರ್ಬುರೇಟರಿಗೆ ಅದು ಹೊಂದುವುದಿಲ್ಲ ಅಂದೆ, ಅಷ್ಟೇ.

ಬಾಗಲಕೋಟೆ ಮಾಸ್ತರ
ಇಬ್ಬರೂ ಸರಿ. ಲೆಕ್ಕ ಹೇಳುತ್ತೇನೆ, ಕೇಳಿ. ಬರೀ ಪೆಟ್ರೋಲಾದರೆ 1 ಕೆಜಿ ಸುಡಲು ಸುಮಾರು 14.7 ಕೆಜಿ ಗಾಳಿ ಬೇಕು. ಶೇ 20 ಎಥೆನಾಲ್ ಬೆರೆತರೆ ಸುಮಾರು 13.5 ಕೆಜಿ ಸಾಕು. ಅಂದರೆ ಅಷ್ಟೇ ಗಾಳಿಗೆ ಈಗ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಹೊಸ ಗಾಡಿಯಲ್ಲಿ ಸೆನ್ಸರ್ ಇರುತ್ತದೆ, ಅದೇ ನೋಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಗೊತ್ತಾಗುವುದಿಲ್ಲ. ಜೆಟ್ ಹಳೆಯದು, ತೂತು ಅಷ್ಟೇ. ಹಾಗಾಗಿ ಮಿಶ್ರಣ ತೆಳುವಾಗುತ್ತದೆ.

ಇನ್ನೊಂದು ವಿಷಯ. ಎಂಜಿನ್ನಿನಲ್ಲಿ ಉರಿಯುವುದು ಆವಿ, ದ್ರವ ಅಲ್ಲ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಬೇಕು. ಬೆಳಿಗ್ಗೆ ತಣ್ಣಗಿರುವ ಅಲ್ಯೂಮಿನಿಯಂ ಆ ಶಾಖ ಎಲ್ಲಿಂದ ಕೊಡಬೇಕು? ಬ್ರೆಜಿಲ್‌ನಲ್ಲಿ ಎಥೆನಾಲ್ ಮೇಲೆ ಓಡುವ ಕಾರುಗಳಲ್ಲಿ ಇದಕ್ಕಾಗಿಯೇ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಬೇರೆ ಇಡುತ್ತಿದ್ದರು, ಚಳಿಯಲ್ಲಿ ಸ್ಟಾರ್ಟ್ ಮಾಡಲು. ನಮ್ಮಲ್ಲಿ 2003ರಲ್ಲಿ ಶೇ 5ರಿಂದ ಶುರುವಾಗಿ 2022ಕ್ಕೆ ಶೇ 10 ಆಯಿತು, 2025ಕ್ಕೆ ಶೇ 20. ಅದಕ್ಕಿಂತ ಮೊದಲು ಜೆಟ್ ಹಾಕಿದ ಗಾಡಿಗಳಿಗೆ ಚಳಿಗಾಲದಲ್ಲಿ ಸ್ವಲ್ಪ ಕಷ್ಟವಾಗುವುದು ಸಹಜ. ಆದರೆ ನಲವತ್ತು ಕಿಕ್ ಬೇಕಾಗುವಷ್ಟು ಅಲ್ಲ.

ಆರ್‌ಎಕ್ಸ್ ಗೆಳೆಯ, ಚಿಕ್ಕೋಡಿ
ಇದಕ್ಕೇ ಟೂ ಸ್ಟ್ರೋಕ್ ಬೇಕು ಅನ್ನೋದು. ನನ್ನ ಯಮಹಾ ಆರ್‌ಎಕ್ಸ್ 100 ಎಂಥ ಚಳಿಯಲ್ಲೂ ಎರಡು ಕಿಕ್. ಫೋರ್ ಸ್ಟ್ರೋಕಿನಂಥ ವಾಲ್ವ್ ಇಲ್ಲ, ಟ್ಯಾಪಿಟ್ ಇಲ್ಲ, ತಲೆನೋವಿಲ್ಲ.

ಸವದತ್ತಿ ಸವಾರ
1996ಕ್ಕೇ ನಿಂತುಹೋದ ಗಾಡಿ. ಒಳ್ಳೇದು ಸಿಗಬೇಕಲ್ಲ? ಸಿಕ್ಕರೂ ಕೇಳುವ ರೇಟು ನೋಡಿದ್ದೀರಾ?

ಉದ್ಯಮಬಾಗ ಫಿಟ್ಟರ್
ತಡವಾಗಿ ಓದಿದೆ. ಎಲ್ಲರೂ ಪೆಟ್ರೋಲ್ ಹಿಂದೆ ಬಿದ್ದಿದ್ದೀರಿ. ಆ ಹುಡುಗ ಮೊದಲೇ ಒಂದು ದೊಡ್ಡ ಮಾತು ಬರೆದಿದ್ದಾನೆ, ಯಾರೂ ಹಿಡಿದಿಲ್ಲ. ಕಿಕ್ಕಿಗೆ ಹತ್ತುವುದಿಲ್ಲ, ತಳ್ಳಿದರೆ ಹತ್ತುತ್ತದೆ. ಕಾರ್ಬುರೇಟರ್ ಅದೇ, ಪೆಟ್ರೋಲ್ ಅದೇ, ಚಳಿ ಅದೇ. ಬದಲಾಗಿದ್ದು ಎಂಜಿನ್ ತಿರುಗುವ ವೇಗ ಮಾತ್ರ.

ನನಗೆ ಇದು ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ, ಸೋರುವ ಲಕ್ಷಣ. ಇನ್‌ಟೇಕ್ ಟ್ಯಾಪಿಟ್, ಅಂದರೆ ಗಾಳಿ ಒಳಗೆ ಬಿಡುವ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಗ್ಯಾಪ್, ಟೈಟ್ ಆಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಕಿಕ್ ಹೊಡೆದಾಗ ಎಂಜಿನ್ ನಿಧಾನ ತಿರುಗುತ್ತದೆ, ಒತ್ತಿದ ಗಾಳಿ ಸೋರಿಹೋಗಲು ಸಮಯ ಸಿಗುತ್ತದೆ. ತಳ್ಳಿದಾಗ ಜೋರಾಗಿ ತಿರುಗುತ್ತದೆ, ಸೋರಲು ಸಮಯವೇ ಇಲ್ಲ. ಕಾರ್ಬುರೇಟರ್ ಕಡೆ ಪಟ್ ಅಂತ ಬರುವುದು ತೆಳು ಮಿಶ್ರಣದಿಂದಲೂ ಇರಬಹುದು, ವಾಲ್ವ್ ಮುಚ್ಚದೆ ಬೆಂಕಿ ಹಿಂದೆ ಬಂದರೂ ಇರಬಹುದು.

ತಮ್ಮಾ, ಎರಡು ಮಾತು ಹೇಳು. ಕಿಕ್ ಮೆತ್ತಗೆ ಇಳಿಯುತ್ತದಾ? ಟ್ಯಾಪಿಟ್ ಕೊನೆಗೆ ಯಾವಾಗ ನೋಡಿಸಿದ್ದು?

ಕಾರ್ಬ್ ಕೆಲಸ, ನಿಪ್ಪಾಣಿ
ಟ್ಯಾಪಿಟ್ ಟೈಟ್ ಇದ್ದರೆ ಬಿಸಿಯಾದ ಮೇಲೂ ತೊಂದರೆ ಕೊಡಬೇಕಲ್ವಾ? ಇವರದು ಬಿಸಿಯಲ್ಲಿ ಒಂದೇ ಕಿಕ್. ನಾನು ಒಪ್ಪುವುದಿಲ್ಲ.

ಉದ್ಯಮಬಾಗ ಫಿಟ್ಟರ್
ತೀರಾ ಟೈಟ್ ಆದರೆ ಬಿಸಿಯಲ್ಲೂ ಕೊಡುತ್ತದೆ. ಶುರುವಿನಲ್ಲಿ ಹಾಗಲ್ಲ. ಬಿಸಿ ಎಂಜಿನ್ನಿನಲ್ಲಿ ಪೆಟ್ರೋಲ್ ಸಲೀಸಾಗಿ ಆವಿಯಾಗುತ್ತದೆ, ಸಿಲಿಂಡರ್ ಗೋಡೆಗೆ ಎಣ್ಣೆ ಹತ್ತಿರುತ್ತದೆ, ಸ್ವಲ್ಪ ಸೋರಿದರೂ ನಡೆದುಹೋಗುತ್ತದೆ. ಚಳಿಯಲ್ಲಿ ಎಲ್ಲವೂ ಸರಿ ಇದ್ದರೆ ಮಾತ್ರ ಹತ್ತುತ್ತದೆ. ಸಣ್ಣ ದೋಷ ಮೊದಲು ಕಾಣುವುದೇ ಬೆಳಿಗ್ಗೆ.

ಕೆಂಪುಮಣ್ಣು, ಬೆಳಗಾವಿ
ಮಾಮಾ, ನೀವು ಕೇಳಿದ ಮೇಲೆ ಗೊತ್ತಾಯಿತು. ಗೆಳೆಯನ ಹತ್ತಿರ ಇಂಥದೇ ಗಾಡಿ ಇದೆ, ಅದರ ಕಿಕ್ ಮೇಲೆ ನಿಂತರೂ ಒಂದು ಕ್ಷಣ ತಡೆಯುತ್ತದೆ. ನನ್ನದು ಸುಮ್ನೆ ಕೆಳಗೆ ಹೋಗುತ್ತದೆ. ಟ್ಯಾಪಿಟ್ ನಾನು ತಗೊಂಡ ಮೇಲೆ ಮುಟ್ಟಿಲ್ಲ. ಅದಕ್ಕೂ ಮೊದಲಿನದು ಗೊತ್ತಿಲ್ಲ.

ಉದ್ಯಮಬಾಗ ಫಿಟ್ಟರ್
ಏರ್ ಫಿಲ್ಟರ್ ತೊಳೆದೆ ಅಂದೆಯಲ್ಲ, ಸ್ಪಂಜಿಗೆ ಎಣ್ಣೆ ಹಾಕಿದೆಯಾ?

ಕೆಂಪುಮಣ್ಣು, ಬೆಳಗಾವಿ
ಇಲ್ಲ. ಒಣಗಿಸಿ ಹಾಗೇ ಹಾಕಿದೆ. ಹಾಕಬೇಕಾ?

ಉದ್ಯಮಬಾಗ ಫಿಟ್ಟರ್
ಹಾಕಲೇಬೇಕು. ಒಣ ಸ್ಪಂಜು ಜರಡಿ ಇದ್ದಂತೆ, ನಮ್ಮ ಕೆಂಪು ಧೂಳು ಸೀದಾ ಒಳಗೆ. ಆ ಧೂಳು ಗಾಳಿ ಜೊತೆ ಇನ್‌ಟೇಕ್ ವಾಲ್ವಿನ ಮೇಲೇ ಹೋಗುತ್ತದೆ. ವಾಲ್ವೂ ಅದು ಕೂರುವ ಸೀಟೂ ಸವೆದಂತೆ ವಾಲ್ವ್ ಹೆಡ್ಡಿನ ಒಳಗೆ ಕೂರುತ್ತಾ ಹೋಗುತ್ತದೆ, ಟ್ಯಾಪಿಟ್ ಗ್ಯಾಪ್ ಕಡಿಮೆಯಾಗುತ್ತದೆ. ಸವೆದರೆ ಗ್ಯಾಪ್ ಹೆಚ್ಚಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲಿ ಉಲ್ಟಾ. ಟ್ಯಾಪಿಟ್ ಕಟಕಟ ಅಂದರೆ ನಾನು ಅಷ್ಟು ಹೆದರುವುದಿಲ್ಲ. ಸದ್ದೇ ಇಲ್ಲದಿದ್ದರೆ ಹೆದರುತ್ತೇನೆ.

ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ ಹಿಂಡಬೇಕು. ತಿರುಚಬೇಡ, ಹರಿಯುತ್ತದೆ.

ತಿಕೋಟಾ ತೋಟ, ವಿಜಯಪುರ
ಇಷ್ಟೆಲ್ಲ ಯಾಕೆ? ಪ್ಲಗ್ ಬಿಚ್ಚಿ ಎರಡು ಹನಿ ಪೆಟ್ರೋಲ್ ಬಿಟ್ಟು ಕಿಕ್ ಹೊಡೆಯಿರಿ. ನಾವು ದ್ರಾಕ್ಷಿ ತೋಟದ ಔಷಧಿ ಪಂಪು ಹಾಗೇ ಹತ್ತಿಸುತ್ತೇವೆ.

ಗೋಕಾಕ ಅಕ್ಕ
ದಿನಾ ಮಾಡುವ ಕೆಲಸ ಅಲ್ಲ ಅಣ್ಣಾ. ಹಸಿ ಪೆಟ್ರೋಲ್ ಸಿಲಿಂಡರಿನ ಎಣ್ಣೆ ತೊಳೆದುಬಿಡುತ್ತದೆ. ಪ್ಲಗ್ ಹೊರಗಿದ್ದಾಗ ಪಕ್ಕದಲ್ಲಿ ಪೆಟ್ರೋಲ್ ಬಾಟಲಿ ಇಟ್ಟು ಕಿಡಿ ನೋಡುವುದಂತೂ ಬೇಡವೇ ಬೇಡ. ನಮ್ಮ ಓಣಿಯಲ್ಲಿ ಒಬ್ಬ ಹುಡುಗನ ಕೈ ಹಾಗೇ ಸುಟ್ಟಿತು.

ಉದ್ಯಮಬಾಗ ಫಿಟ್ಟರ್
ಅಕ್ಕ ಹೇಳಿದ್ದು ಸರಿ. ಒಂದು ಸಲ ಪರೀಕ್ಷೆಗೆ ಅಂತ ಮಾಡಬಹುದು. ಎರಡು ಹನಿಗೆ ಹತ್ತಿ ತಕ್ಷಣ ಆಫ್ ಆದರೆ ಪೆಟ್ರೋಲ್ ಸಾಲುತ್ತಿಲ್ಲ. ಹನಿ ಬಿಟ್ಟರೂ ಹತ್ತದಿದ್ದರೆ ಕಂಪ್ರೆಷನ್ ಅಥವಾ ಕಿಡಿ. ಬಾಟಲಿ ದೂರ ಇಟ್ಟು, ಪ್ಲಗ್ ಟೈಟ್ ಮಾಡಿ, ಆಮೇಲೆ ಕಿಕ್.

ತಿಕೋಟಾ ತೋಟ, ವಿಜಯಪುರ
ಒಪ್ಪಿದೆ. ನಮ್ಮ ಪಂಪಿನದು ಒಂದು ಕಥೆ. ಸೀಸನ್ ಮುಗಿದ ಮೇಲೆ ಹಾಗೇ ಮೂಲೆಗೆ ಇಡುತ್ತಿದ್ದೆವು. ಪ್ರತಿ ವರ್ಷ ಕಾರ್ಬುರೇಟರ್ ಬಿಚ್ಚುವ ಕೆಲಸ. ಈಗ ಕಾಕ್ ಬಂದ್ ಮಾಡಿ, ತಾನೇ ಆಫ್ ಆಗುವವರೆಗೆ ಓಡಿಸಿ ಇಡುತ್ತೇವೆ. ಮೂರು ವರ್ಷವಾಯಿತು, ಕಾರ್ಬುರೇಟರ್ ಮುಟ್ಟಿಲ್ಲ. ಡರ್ಟ್ ಬೈಕಿಗೂ ಅದೇ ಮಾಡಿ.

ಕೆಂಪುಮಣ್ಣು, ಬೆಳಗಾವಿ
ಇವತ್ತು ಪರೀಕ್ಷೆ ಮಾಡಿದೆ. ಎರಡು ಹನಿ ಬಿಟ್ಟ ಮೇಲೆ ಆರನೇ ಕಿಕ್ಕಿಗೆ ಒಮ್ಮೆ ಬುಡುಬುಡು ಅಂದು ಆಫ್ ಆಯಿತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತಲಾ? ಆದರೆ ಆರು ಕಿಕ್ ಯಾಕೆ ಬೇಕಾಯಿತು? ಈಗ ಇಬ್ಬರ ಮಾತೂ ಸರಿ ಅನಿಸುತ್ತಿದೆ. ಇನ್ನೊಂದು, ತಳ್ಳುವಾಗ ಗಾಡಿ ಮೇಲೆ ಕಾಕಾನ ಮಗನನ್ನು ಕೂರಿಸಬೇಕಾಗುತ್ತಿದೆ, ಅವನು ಇನ್ನೂ ಎಂಟನೇ ಕ್ಲಾಸ್. ಬೇಗ ಸರಿ ಮಾಡಬೇಕು.

ಬಾಗಲಕೋಟೆ ಮಾಸ್ತರ
ಆ ದಿಬ್ಬ ಇಳಿದರೆ ರಸ್ತೆ ಸಿಗುತ್ತದಾ? ಸಿಗುವುದಾದರೆ ಮಗುವನ್ನು ಕೂರಿಸಲೇಬೇಡಿ. 2019ರ ತಿದ್ದುಪಡಿ ಆದ ಮೇಲೆ ಹದಿನೆಂಟು ತುಂಬದವರು ರಸ್ತೆಯಲ್ಲಿ ಸಿಕ್ಕರೆ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕಾನೂನು ಬಿಡಿ, ಹುಡುಗ ಬಿದ್ದರೆ? ಹೊಲದ ಒಳಗಾದರೂ ಹೆಲ್ಮೆಟ್ ಹಾಕಿಸಿ. ದಿನಾ ನಲವತ್ತು ಮಕ್ಕಳನ್ನು ನೋಡುವವನು ನಾನು, ಹೇಳದೆ ಇರಲು ಆಗಲಿಲ್ಲ.

ಕೆಂಪುಮಣ್ಣು, ಬೆಳಗಾವಿ
ರಸ್ತೆ ದೂರ ಇದೆ ಸರ್. ಆದರೂ ನಿಮ್ಮ ಮಾತು ಸರಿ. ಇನ್ನು ಮೇಲೆ ಅವನು ತಳ್ಳುತ್ತಾನೆ, ನಾನು ಕೂರುತ್ತೇನೆ.

ಉದ್ಯಮಬಾಗ ಫಿಟ್ಟರ್
ಹಾಗಾದರೆ ಎರಡೂ ಕೆಲಸ ಮಾಡು. ಮೊದಲು ಟ್ಯಾಪಿಟ್, ಅದಕ್ಕೆ ಖರ್ಚಿಲ್ಲ. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಬೇಕು. ಪ್ಲಗ್ ಬಿಚ್ಚು. ಹೆಡ್ಡಿನ ಎರಡು ಟ್ಯಾಪಿಟ್ ಮುಚ್ಚಳ ಬಿಚ್ಚು. ಮ್ಯಾಗ್ನೆಟ್ ಕಡೆ ಮುಚ್ಚಳ ತೆಗೆದು ಬಾಕ್ಸ್ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ ಟಿ ಗುರುತು, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದ ಗುರುತು, ಕೂರಿಸು. ರಾಕರಿಗೂ ವಾಲ್ವಿಗೂ ನಡುವೆ ಫೀಲರ್ ಗೇಜಿನ, ಅಂದರೆ ಗ್ಯಾಪ್ ಅಳೆಯುವ ತೆಳು ತಗಡುಗಳ, ಎಲೆ ತೂರಿಸಿ ನೋಡು. ಎಷ್ಟು ಗ್ಯಾಪ್ ಅಂತ ನಿನ್ನ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಇಂಥ ಸಣ್ಣ ಎಂಜಿನ್ನಿಗೆ ಹೆಚ್ಚಾಗಿ 0.05 ಮಿ.ಮೀ.

ಕೆಂಪುಮಣ್ಣು, ಬೆಳಗಾವಿ
ಪುಸ್ತಕದಲ್ಲಿ ಎರಡಕ್ಕೂ 0.05 ಅಂತಲೇ ಇದೆ. ಆದರೆ ಮಾಮಾ, ಟಿ ಗುರುತು ಕೂರಿಸಿದ್ದೇನೆ, ಎರಡೂ ಕಡೆ ಯಾವ ಎಲೆಯೂ ಹೋಗುತ್ತಿಲ್ಲ. ಎರಡೂ ರಾಕರ್ ಗಟ್ಟಿ. ಸ್ಕ್ರೂ ತಿರುಗಿಸಲಾ? ಗಾಡಿ ಮುಂದೆಯೇ ಕೂತಿದ್ದೇನೆ, ಬೇಗ ಹೇಳಿ.

ಉದ್ಯಮಬಾಗ ಫಿಟ್ಟರ್
ಮುಟ್ಟಬೇಡ! ಟಿ ಗುರುತು ಎರಡು ಸಲ ಬರುತ್ತದೆ. ಈಗ ನೀನು ಹೊಗೆ ಹೊರಗೆ ಹೋಗುವ ಕೊನೆಯಲ್ಲಿ ಇದ್ದೀಯ, ಅಲ್ಲಿ ಎರಡೂ ವಾಲ್ವ್ ಸ್ವಲ್ಪ ತೆರೆದಿರುತ್ತವೆ. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಟಿ ಕೂರಿಸು. ಈಗ ರಾಕರ್ ಕೈಯಲ್ಲಿ ಅಲುಗಾಡಬೇಕು. ಅಲ್ಲೇ ಅಳೆಯಬೇಕು.

ಕೆಂಪುಮಣ್ಣು, ಬೆಳಗಾವಿ
ತಿರುಗಿಸಿದೆ. ಎಗ್ಸಾಸ್ಟ್ ರಾಕರ್ ಅಲುಗಾಡುತ್ತಿದೆ, 0.05 ಎಲೆ ಸ್ವಲ್ಪ ಬಿಗಿಯಾಗಿ ಹೋಗುತ್ತದೆ. ಇನ್‌ಟೇಕ್ ಅಲುಗುವುದೇ ಇಲ್ಲ. ನನ್ನ ಗೇಜಿನಲ್ಲಿ ಎಲ್ಲಕ್ಕಿಂತ ತೆಳು ಎಲೆ 0.03. ಅದೂ ಹೋಗಲಿಲ್ಲ.

ಉದ್ಯಮಬಾಗ ಫಿಟ್ಟರ್
ಸಿಕ್ಕಿತು ನೋಡು. ಲಾಕ್ ನಟ್ ಸಡಿಲ ಮಾಡಿ, 0.05 ಎಲೆ ಇಟ್ಟು ಸ್ಕ್ರೂ ಕೂರಿಸು. ಎಲೆ ಎಳೆದರೆ ಬೆಣ್ಣೆಯಲ್ಲಿ ಚಾಕು ಎಳೆದಂತೆ ಬರಬೇಕು. ಲಾಕ್ ನಟ್ ಟೈಟ್ ಮಾಡಿದ ಮೇಲೆ ಮತ್ತೆ ಅಳೆ. ನಟ್ ಬಿಗಿಯುವಾಗ ಸ್ಕ್ರೂ ತಿರುಗಿ ಗ್ಯಾಪ್ ಬದಲಾಗುತ್ತದೆ, ಎಲ್ಲರೂ ತಪ್ಪುವುದು ಅಲ್ಲೇ.

ಕಾರ್ಬ್ ಕೆಲಸ, ನಿಪ್ಪಾಣಿ
ಟ್ಯಾಪಿಟ್ ವಿಷಯದಲ್ಲಿ ಫಿಟ್ಟರ್ ಅಣ್ಣ ಹೇಳಿದ್ದೇ ಸರಿ, ಒಪ್ಪಿಕೊಂಡೆ. ಆದರೆ ಸ್ಲೋ ಜೆಟ್ ಬಿಡಬೇಡಿ. ಪ್ಲಗ್ ಬೆಳ್ಳಗಿದ್ದುದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.

ಕೆಂಪುಮಣ್ಣು, ಬೆಳಗಾವಿ
ಜೆಟ್ಟೂ ಬಿಚ್ಚಿದೆ ಸರ್. ಬಟ್ಟಲಿನಲ್ಲಿ ನೀರು ಇರಲಿಲ್ಲ, ಕಂದು ಬಣ್ಣದ ಪುಡಿ ಇತ್ತು. ಸ್ಲೋ ಜೆಟ್ಟನ್ನು ಬೆಳಕಿಗೆ ಹಿಡಿದೆ, ಆಚೆ ಕಡೆ ಕಾಣಲೇ ಇಲ್ಲ. ಸೂಜಿ ಹಾಕಲಾ?

ಕಾರ್ಬ್ ಕೆಲಸ, ನಿಪ್ಪಾಣಿ
ಸೂಜಿ ಬೇಡ. ಜೆಟ್ ಹಿತ್ತಾಳೆ, ಉಕ್ಕಿನ ಸೂಜಿ ತೂತು ದೊಡ್ಡದು ಮಾಡುತ್ತದೆ. ಕಾರ್ಬ್ ಕ್ಲೀನರಿನಲ್ಲಿ ಒಂದು ಗಂಟೆ ನೆನೆಸಿ, ಕರೆಂಟ್ ವೈರಿನ ತಾಮ್ರದ ಒಂದೇ ಎಳೆ ತೂರಿಸಿ, ಆಮೇಲೆ ಗಾಳಿ ಹೊಡೆಯಿರಿ. ಕಾರ್ಬುರೇಟರ್ ಒಳಗಿನ ದಾರಿಗೂ ಗಾಳಿ ಹೊಡೆಯಬೇಕು. ಪಕ್ಕದ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ಹಾಕಿ, ಒಂದೂವರೆ ಸುತ್ತು ಹೊರಗೆ ತಗೊಳ್ಳಿ.

ಸವದತ್ತಿ ಸವಾರ
ಸ್ಕ್ರೂ ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ ಆಗುತ್ತದೆ. ಚಳಿಗೆ ಇನ್ನೂ ಒಂದು ಸುತ್ತು ಹೊರಗೆ ತಗೊಳ್ಳಿ.

ಕಾರ್ಬ್ ಕೆಲಸ, ನಿಪ್ಪಾಣಿ
ಎಲ್ಲ ಕಾರ್ಬುರೇಟರಿಗೂ ಹಾಗಲ್ಲ. ಸ್ಕ್ರೂ ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ಸ್ಕ್ರೂ, ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿ ಸ್ಕ್ರೂ, ಹೊರಗೆ ತಿರುಗಿಸಿದರೆ ಗಾಳಿ ಜಾಸ್ತಿ. ಇದನ್ನು ನೋಡದೆ ತಿರುಗಿಸಿದರೆ ಕೆಟ್ಟದ್ದು ಇನ್ನೂ ಕೆಡುತ್ತದೆ.

ಕೆಂಪುಮಣ್ಣು, ಬೆಳಗಾವಿ
ನನ್ನದು ಫಿಲ್ಟರ್ ಕಡೆ ಇದೆ.

ಕಾರ್ಬ್ ಕೆಲಸ, ನಿಪ್ಪಾಣಿ
ಹಾಗಾದರೆ ಚಳಿಗೆ ಕಾಲು ಸುತ್ತು ಒಳಗೆ. ಹೊರಗೆ ಅಲ್ಲ.

ಕೆಂಪುಮಣ್ಣು, ಬೆಳಗಾವಿ
ಭಾನುವಾರದ ವರದಿ. ಬೆಳಿಗ್ಗೆ 6.40, ಫೋನಿನಲ್ಲಿ 13 ಡಿಗ್ರಿ ತೋರಿಸುತ್ತಿತ್ತು. ಸ್ವಿಚ್ ಆಫ್ ಇಟ್ಟು ನಾಲ್ಕು ನಿಧಾನದ ಕಿಕ್, ಎಕ್ಸಿಲೇಟರ್ ಮುಟ್ಟಲಿಲ್ಲ. ಸ್ವಿಚ್ ಆನ್. ಮೂರನೇ ಕಿಕ್ಕಿಗೆ ಹತ್ತಿತು! ಕಿಕ್ ಈಗ ಗಟ್ಟಿಯಾಗಿ ತಡೆಯುತ್ತದೆ. ಎರಡು ನಿಮಿಷಕ್ಕೆ ಚೋಕ್ ತೆಗೆದೆ, ಆಫ್ ಆಗಲಿಲ್ಲ. ಪಟ್ ಸದ್ದೂ ಇಲ್ಲ. ಕಾಕಾ ದನದ ಕೊಟ್ಟಿಗೆಯಿಂದ ಹೊರಗೆ ಬಂದು, ಇಷ್ಟು ಬೇಗ ಹೆಂಗ ಹತ್ತಿತೋ ಅಂದ. ಎಲ್ಲರಿಗೂ ಮನಸಾರೆ ಧನ್ಯವಾದ. ಫಿಟ್ಟರ್ ಮಾಮಾ, ನಿಮಗೆ ಜಾಸ್ತಿ.

ಗೋಕಾಕ ಅಕ್ಕ
ಓದಿ ಭಾಳ ಖುಷಿಯಾಯಿತು ತಮ್ಮಾ.

ಉದ್ಯಮಬಾಗ ಫಿಟ್ಟರ್
ಛಲೋ ಆಯಿತು. ಆದರೆ ಇನ್ನೂ ಮುಗಿದಿಲ್ಲ. ಹತ್ತು ಗಂಟೆ ಓಡಿಸಿದ ಮೇಲೆ ಇನ್‌ಟೇಕ್ ಮತ್ತೆ ಅಳೆ. 0.05 ಹಾಗೇ ಇದ್ದರೆ ಚಿಂತೆ ಇಲ್ಲ. ಮತ್ತೆ ಎಲೆ ಹೋಗದಷ್ಟು ಟೈಟ್ ಆಗಿದ್ದರೆ ವಾಲ್ವ್ ಸವೆದಿದೆ ಅಂತ ಅರ್ಥ, ಆಗ ಸ್ಕ್ರೂ ತಿರುಗಿಸುತ್ತಾ ಕೂರಬೇಡ. ಹೆಡ್ ಬಿಚ್ಚಿ ಸೀಟ್ ಕೆಲಸ ಮಾಡಿಸಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಆ ಕೆಲಸ ಮಾಡುವ ವರ್ಕ್‌ಶಾಪ್‌ಗಳು ಇವೆ, ಹೆಡ್ ಒಂದನ್ನೇ ತಂದರೆ ಸಾಕು.

ಆರ್‌ಎಕ್ಸ್ ಗೆಳೆಯ, ಚಿಕ್ಕೋಡಿ
ಇಷ್ಟು ಓದಿ ನನ್ನ ಗಾಡಿಯ ಕಾರ್ಬುರೇಟರ್ ಬಟ್ಟಲು ಬಿಚ್ಚಿ ನೋಡಿದೆ. ಅದೇ ಕಂದು ಪುಡಿ. ಎರಡು ಕಿಕ್ಕಿಗೇ ಹತ್ತುತ್ತದೆ ಖರೇ, ಆದರೂ ತೊಳೆಯಲಾ?

ಕಾರ್ಬ್ ಕೆಲಸ, ನಿಪ್ಪಾಣಿ
ಇವತ್ತೇ ತೊಳೆಯಿರಿ. ಟ್ಯಾಂಕಿನ ಒಳಗೆ ಟಾರ್ಚ್ ಹಾಕಿ ತುಕ್ಕು ಇದೆಯಾ ಅಂತಲೂ ನೋಡಿ.